ಹೊಳೆಗೆ ಬರಿಗೈಯಲ್ಲಿ ಹೋಗಬಾರದು

ಹಲಸೂರು ಕೆರೆಯ ಪಕ್ಕದಲ್ಲಿ ಬಸ್ಸು ನಿಂತರೆ ಈಗ ಅದು ಸುಲಭಕ್ಕೆ ಹೊರಡುವುದಿಲ್ಲ. ಮೆಟ್ರೋ ಬರುತ್ತದೆಂದು ಸುತ್ತಮುತ್ತ ಅಗೆದು ಹಾಕಿದ್ದಾರೆ. ಅದು ಬರುವವರೆಗೆ ನಾವು ಬಸ್ಸಿನಲ್ಲಿ ಕುಳಿತು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ನಿನ್ನೆ ಸಂಜೆ ಹಾಗೆ ಕುಳಿತಿದ್ದಾಗ ಕಿಟಕಿಯಿಂದ ಹುರಿದ ಶೇಂಗಾದ ವಾಸನೆ ಬಂತು. ಕೆರೆಯ ಕಂಬಿಗೆ ಒತ್ತಿ ನಿಂತ ತಳ್ಳುಗಾಡಿಯೊಂದರಲ್ಲಿ ಯಾರೋ ಬಿಸಿ ಮರಳಿನಲ್ಲಿ ಹುರಿಯುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ನ್ಯಾಯವಾಗಿ ನನ್ನ ಮೂಗಿಗೆ ಅದು ಕಡಲೆಕಾಯಿಯ ವಾಸನೆಯಾಗಬೇಕಿತ್ತು. ಆದರೆ ಅತ್ತೆಯ ಜೊತೆ ಇಷ್ಟು ವರ್ಷ ಬಾಳಿದ ಮೇಲೆ ಮೂಗು ಕೂಡ ಗಂಡನ ಮನೆಯ ಕಡೆಗೆ ಸೇರಿಬಿಡುತ್ತದೆ ಎಂದು ಕಾಣುತ್ತದೆ. ಬಸ್ಸು ಹೊರಡುವ ಸೂಚನೆ ಇರಲಿಲ್ಲ. ಹೇಗೂ ಪುರುಸೊತ್ತಿದೆ, ನೀವೂ ನನ್ನ ಪಕ್ಕದಲ್ಲಿ ಕುಳಿತಿದ್ದಿರಿ ಎಂದುಕೊಳ್ಳಿ, ಅತ್ತೆಯ ವಾಕಿಂಗಿನ ಕಥೆ ಹೇಳುತ್ತೇನೆ.

ಅತ್ತೆ ಭೀಮಾ ನದಿಯ ದಂಡೆಯ ಹಳ್ಳಿಯವರು. ಅವರ ಮಗ, ಅಂದರೆ ನನ್ನ ಗಂಡ, ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳನ್ನು ಜೋಡಿಸುವ ಕೆಲಸದಲ್ಲಿದ್ದರು. ನಾನು ಶಿವಾಜಿನಗರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಕನ್ನಡದ ಮೇಡಂ. ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ ಉರ್ದು, ಪ್ರಿನ್ಸಿಪಾಲರ ಎದುರಿಗೆ ಇಂಗ್ಲಿಷ್ ಮಾತಾಡುತ್ತಿದ್ದವು. ಕನ್ನಡ ನನ್ನ ಪೀರಿಯಡ್ಡಿಗೆ ಮೀಸಲು, ಅದೂ ನಾನು ಕಣ್ಣು ಬಿಟ್ಟರೆ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದೆವು, ಅದರಿಂದಲೇ ಮದುವೆಯಾಯಿತು ಎನ್ನುವುದಕ್ಕಿಂತ ಹೆಚ್ಚು ವಿವರ ನಿಮಗೆ ಬೇಡ. ಜೋಗುಪಾಳ್ಯದ ಒಂದು ಓಣಿಯಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ ಮಾಡಿದೆವು. ಅತ್ತೆ ನಮ್ಮ ಜೊತೆಗೆ ಇರಲು ಬಂದರು.

ಬರುವಾಗಲೇ ಅವರ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಮದುವೆಯ ದಿನ ಕೂಡ ನಾನು ಅವರಿಗೆ ಒಂದು ಜರಿ ಸೀರೆಯಾಗಿ ಕಂಡಿದ್ದೆನೇ ಹೊರತು ಮನುಷ್ಯಳಾಗಿ ಕಂಡಿರಲಿಲ್ಲ. ಹುಡುಗಿ ಒಳ್ಳೆ ಕೆಂಪಗಿದ್ದಾಳೆ ಎಂದು ಇವರು ಊರಿಗೆ ಹೋಗಿ ಹೇಳಿಬಿಟ್ಟಿದ್ದರಂತೆ. ಅತ್ತೆಗೆ ಮಗನ ಮಾತಿನಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಆಗಾಗ ನನ್ನ ಕೆನ್ನೆಯ ಮೇಲೆ ಕೈಯಾಡಿಸಿ, "ಮುಖ ದುಂಡಗದ, ಅದು ಗೊತ್ತಾತು. ಬಣ್ಣ ಇನ್ನೂ ಖಾತ್ರಿ ಆಗಿಲ್ಲವಾ. ಕಣ್ಣು ಬರ್ಲಿ, ನೋಡ್ತೀನಿ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೆ ಸ್ವಲ್ಪ ಹೆದರುತ್ತಲೂ ಇದ್ದೆ, ಏಕೆಂದರೆ ಇವರು ಹೇಳಿದ್ದು ಸುಳ್ಳು.

ಅತ್ತೆಗೆ ಕಣ್ಣು ಮಂಜಾದರೆ ಸೊಸೆಗೆ ಅರ್ಧ ಸಂಸಾರ ಹಗುರ. ಮಂಚದ ಕೆಳಗಿನ ಕಸಕ್ಕೆ ನಾನು ವಾರಗಟ್ಟಲೆ ತೊಂದರೆ ಕೊಡುತ್ತಿರಲಿಲ್ಲ. ಒಗೆದ ಬಟ್ಟೆ ಕುರ್ಚಿಯ ಮೇಲೆ ಗುಡ್ಡವಾಗಿ ಬಿದ್ದಿದ್ದರೆ ಅತ್ತೆ ಅದಕ್ಕೆ, "ಯಾರಪ್ಪಾ ಬಂದೀರಿ? ಚಹಾ ಕುಡೀರಿ," ಎಂದು ಉಪಚಾರ ಮಾಡಿದ್ದೂ ಉಂಟು. ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆ ಟೀಚರುಗಳು ತಮ್ಮ ಅತ್ತೆಯರ ಕಣ್ಣಿನ ಚುರುಕಿನ ಬಗ್ಗೆ ಗೋಳಾಡುವಾಗ ನಾನು ಸುಮ್ಮನೆ ಚಿತ್ರಾನ್ನ ತಿನ್ನುತ್ತಿದ್ದೆ. ಅವರಿಗೆಲ್ಲ ನನ್ನನ್ನು ಕಂಡರೆ ಹೊಟ್ಟೆಯುರಿ.

ಆದರೂ ಮನುಷ್ಯರ ಮನೆ ಅಲ್ಲವೇ? ಒಲೆಯ ಹತ್ತಿರ ಸೆರಗಿಗೆ ಬೆಂಕಿ ತಗಲುವುದು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನವರು ಪರೀಕ್ಷೆ ಮಾಡಿ, ಆಪರೇಷನ್ ಮಾಡಿದರೆ ಕಣ್ಣು ಬರುತ್ತದೆ, ಆದರೆ ರಕ್ತದಲ್ಲಿ ಸಕ್ಕರೆ ಇಷ್ಟೊಂದು ಇರುವಾಗ ಮುಟ್ಟುವುದಿಲ್ಲ, ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಎಂದರು. ತಡ ಮಾಡಿದರೆ ಕಣ್ಣು ಕೈಬಿಟ್ಟೀತು ಎಂದೂ ಹೇಳಿದರು. ಹಲಸೂರಿನ ನಮ್ಮ ಮಾಮೂಲಿ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತ್ರೆ ಅರ್ಧ ಕೆಲ್ಸ ಮಾಡತ್ತೆ ಅಮ್ಮಾ. ಇನ್ನರ್ಧ ನೀವು ಮಾಡ್ಬೇಕು. ದಿನಾ ಬೆಳಿಗ್ಗೆ ವಾಕ್ ಹೋಗಿ," ಎಂದರು.

ಅತ್ತೆಗೆ ಇದು ತಿಳಿಯಲೇ ಇಲ್ಲ. ಮನೆಗೆ ಬರುವವರೆಗೂ ಯೋಚನೆ ಮಾಡಿ, ಮೆಟ್ಟಿಲು ಹತ್ತುವಾಗ ಕೇಳಿದರು.

"ಎಲ್ಲಿಗಿ ನಡೀಬೇಕಂತ?"

"ಎಲ್ಲಿಗೂ ಅಲ್ಲ ಅತ್ತೆ. ಸುಮ್ನೆ ನಡೆಯೋದು. ಹೋಗಿ, ವಾಪಸ್ ಬರೋದು."

"ಸುಮ್ನ ನಡ್ಯಾವ್ರು ನಮ್ಮೂರಾಗ ಮೂರಽ ಮಂದಿ. ಹುಚ್ಚರು, ದಾಸರು, ಎಲೆಕ್ಷನ್ನಿಗಿ ನಿಂತಾವ್ರು. ನಾ ಯಾವುದರಾಗ ಸೇರ್ಲಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು, ಇಲ್ಲೇ ಹತ್ತಿರದಲ್ಲಿ ದೊಡ್ಡ ಕೆರೆಯಿದೆ, ಅದರ ದಂಡೆಯ ಮೇಲೆ ನಡೆಯುವುದು ಎಂದೆ. ನೀರಿನ ಹೆಸರೆತ್ತಿದ್ದೇ ತಡ, ಅತ್ತೆಯ ಮುಖ ಬೇರೆಯಾಯಿತು.

"ಹೊಳಿಗಿ ಅಂತ ಮೊದ್ಲಽ ಹೇಳಬಾರ್ದೇನು?"

"ಹೊಳೆ ಅಲ್ಲ ಅತ್ತೆ, ಕೆರೆ. ಇದು ಹರಿಯಲ್ಲ."

"ಹರೀಲಿಲ್ಲಂದ್ರ ಮಲಗ್ಯದ ಅಂತ ತಿಳ್ಕೊ."

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರೆ ಅತ್ತೆ ಒಂದು ಬಗಲಲ್ಲಿ ಮೈಲಿಗೆ ಬಟ್ಟೆಯ ಗಂಟು, ಇನ್ನೊಂದು ಬಗಲಲ್ಲಿ ತಾಮ್ರದ ಕೊಡ ಇಟ್ಟುಕೊಂಡು ಬಂದರು. ಹೊಳೆಗೆ ಹೋಗುವಾಗ ಬಟ್ಟೆ, ಬರುವಾಗ ನೀರು. ಹುಟ್ಟಿದಾಗಿನಿಂದ ಅವರು ಹೊಳೆಗೆ ಹಾಗೆಯೇ ಹೋಗಿ ಬಂದವರು. ಬರಿಗೈಯಲ್ಲಿ ಹೊಳೆಗೆ ಹೋಗುವುದು ಸತ್ತವರಿಗೆ ನೀರು ಬಿಡಲು ಮಾತ್ರವಂತೆ. ಹಲಸೂರು ಕೆರೆಯಲ್ಲಿ ಬಟ್ಟೆ ಅದ್ದಿದರೆ ಹೊರಗೆ ಬರುವಾಗ ಅದರ ಬಣ್ಣ ಏನಿರುತ್ತದೆ ಎಂದು ವಿವರಿಸಿ, ಓಣಿಯವರೆಲ್ಲ ಎದ್ದು ನೋಡುವಷ್ಟು ಹೊತ್ತು ಚೌಕಾಸಿ ಮಾಡಿ, ಬಟ್ಟೆ ಬಿಡಿಸಿದೆ. ಆಮೇಲೆ ಕೊಡ ಬಿಡಿಸಿದೆ. ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಚಿಕ್ಕ ಗಂಟನ್ನು ಮಾತ್ರ ಬಿಡಲು ಒಪ್ಪಲಿಲ್ಲ. "ಮೀನಿಗಿ ಒಂದಿಷ್ಟು ಚುರುಮುರಿ," ಎಂದರು. ಮೀನುಗಳ ಬಾಯಿಗೆ ನಾನೇಕೆ ಮಣ್ಣು ಹಾಕಲಿ ಎಂದು ಸುಮ್ಮನಾದೆ.

ಕೆರೆಯ ಸುತ್ತ ಆಗಿನ್ನೂ ಸರಿಯಾದ ದಾರಿ ಇರಲಿಲ್ಲ. ಸ್ವಲ್ಪ ದೂರ ಕಾಲುದಾರಿ, ಸ್ವಲ್ಪ ದೂರ ರಸ್ತೆಯ ಅಂಚು, ಮಧ್ಯೆ ಮಧ್ಯೆ ಕಲ್ಲುಬೆಂಚು. ಆದರೆ ಬೆಳಗಿನ ಹೊತ್ತು ನಿಜಕ್ಕೂ ಚೆನ್ನಾಗಿರುತ್ತಿತ್ತು. ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆಗಳು ಜಾಗಕ್ಕಾಗಿ ಜಗಳವಾಡುತ್ತಿದ್ದವು. ನೀರುಕಾಗೆ ಮುಳುಗಿ, ನಾವು ಕಣ್ಣಿಟ್ಟ ಕಡೆ ಬಿಟ್ಟು ಇನ್ನೆಲ್ಲೋ ಏಳುತ್ತಿತ್ತು. ಅತ್ತೆ ಕಂಬಿಯ ಮೇಲೆ ಕೈಯಿಟ್ಟು ನಿಧಾನವಾಗಿ ನಡೆಯುತ್ತ, ಕಾಣದಿದ್ದರೂ ಎಲ್ಲ ಹೇಳುತ್ತಿದ್ದರು. ಇದು ಮಿಂಚುಳ್ಳಿ. ಇದು ಮಳೆ ಬರುವ ಗಾಳಿ. ಒಂದು ಕಡೆ ಮಾತ್ರ ಮೂಗಿಗೆ ಸೆರಗು ಹಿಡಿದು ನಿಂತರು.

"ಹೊಳಿ ಯಾಕವಾ ಹಿಂಗ ನಾರ್ತದ?"

"ಊರಿನ ಕೊಚ್ಚೆಯೆಲ್ಲ ಇಲ್ಲಿಗೇ ಬರತ್ತೆ ಅತ್ತೆ."

"ಮಲಗಿ ಭಾಳ ದಿನ ಆಗ್ಯದ. ಎಬ್ಬಿಸಾವ್ರು ಯಾರೂ ಇಲ್ಲ," ಎಂದು ಮುಂದೆ ನಡೆದರು.

ನನಗೆ ನಿಧಾನ ನಡೆದು ಅಭ್ಯಾಸವಿಲ್ಲ, ಶಾಲೆಗೆ ತಡವಾಗುವ ಭಯ ಬೇರೆ. ಹಾಗಾಗಿ ನಮ್ಮಲ್ಲಿ ಒಂದು ಒಪ್ಪಂದವಾಯಿತು. ನಾನು ದಡದಡ ಕೆರೆಯನ್ನು ಒಂದು ಸುತ್ತು ಹಾಕುವುದು, ಅತ್ತೆ ಕಂಬಿ ಹಿಡಿದು ಗುಲ್‌ಮೊಹರ್ ಮರದ ಕೆಳಗಿನ ಬೆಂಚಿನವರೆಗೆ ನಡೆಯುವುದು, ನಾನು ಬಂದ ಮೇಲೆ ಇಬ್ಬರೂ ಮನೆಗೆ ಮರಳುವುದು. ಅವರಿಗೆ ಒಂದೇ ದಿನದಲ್ಲಿ ಜೊತೆ ಸಿಕ್ಕಿತು. ಶಿವಾಜಿನಗರದ ಜುಲೇಖಾ ಆಪಾ ಎಂಬ ಹೆಂಗಸು, ಅವರಿಗೂ ಸಕ್ಕರೆ ಕಾಯಿಲೆ, ಅವರಿಗೂ ನಮ್ಮ ಡಾಕ್ಟರೇ. ನಾನು ಹುಟ್ಟಿದ ಬೀದಿಯಿಂದ ನಾಲ್ಕು ಹೆಜ್ಜೆಯಲ್ಲಿ ಅವರ ಮನೆ, ಆದರೂ ಅವರ ದಖನಿ ನನಗೆ ಅರ್ಧಂಬರ್ಧ. ಭೀಮಾ ದಂಡೆಯಿಂದ ಬಂದ ಅತ್ತೆ ಮಾತ್ರ "ಕ್ಯಾ ಆಪಾ, ಕೈಸೆ ಹೈ" ಎಂದು ನೀರು ಕುಡಿದಷ್ಟು ಸಲೀಸಾಗಿ ಶುರು ಮಾಡಿದರು. ಅವರ ಕಡೆ ಕನ್ನಡ, ದಖನಿ ಎರಡೂ ಒಂದೇ ಕಟ್ಟೆಯ ಮೇಲೆ ಕೂರುತ್ತವಂತೆ. ಇನ್ನು ನಿವೃತ್ತ ಮಿಲಿಟರಿಯ ಸುಬೇದಾರ್ ಮಾಮ ಇದ್ದರು, ತಮಿಳಿನವರು. ಅವರ ಹಿಂದೆ ಇನ್ನೂ ಕೆಲವರು. ಎಲ್ಲರದೂ ಒಂದೇ ಕಾಯಿಲೆ, ಒಂದೇ ಡಾಕ್ಟರು, ಕ್ರಮೇಣ ಒಂದೇ ಬೆಂಚು.

ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಇನ್ನೊಂದು ತಿಂಗಳಾದ ಮೇಲೆ ಮತ್ತಷ್ಟು ಏರಿತ್ತು. ಕಣ್ಣಿನ ಆಸ್ಪತ್ರೆಯವರು ಮುಂದಕ್ಕೆ ಹಾಕಿದರು. ಡಾಕ್ಟರು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಗಿಲು ಹಾಕಿ ಬನ್ನಿ ಎಂದು ನನಗೆ ಸನ್ನೆ ಮಾಡಿದರು.

"ಮೇಡಂ, ಒಂದ್ ವಿಷ್ಯ ಕೇಳ್ತೀನಿ. ಆ ಕೆರೆ ಹತ್ರ ಏನ್ ನಡೀತಿದೆ? ಮನೇಲಿ ಮಲಗಿರೋ ಪೇಷಂಟ್ಸ್‌ಗೆಲ್ಲ ಶುಗರ್ ಕಮ್ಮಿ ಆಗ್ತಿದೆ. ಕೆರೆ ಸುತ್ತೋರಿಗೆಲ್ಲ ಜಾಸ್ತಿ ಆಗ್ತಿದೆ! ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ ನಾನು."

ಗಾಳಿಯಲ್ಲಿ ಏನಾದರೂ ಇರಬಹುದೇ ಎಂದು ನಾನು ಕೇಳಿದೆ. ಓದಿದವರ ಮಾತು ಹೀಗೇ ಇರುತ್ತದೆ ನೋಡಿ. ಅವರೂ ಓದಿದವರೇ, ಆದ್ದರಿಂದ ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ಭಾನುವಾರ ತಾವೇ ಬಂದು ನೋಡುವುದಾಗಿ ಹೇಳಿದರು.

ಭಾನುವಾರ ಅವರು ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು. ಇಬ್ಬರೂ ಗುಲ್‌ಮೊಹರ್ ಮರದ ಹಿಂದಿನಿಂದ ಹೋದೆವು. ಬೆಂಚಿನ ಮೇಲೆ ಅತ್ತೆ ಮದುವೆ ಮನೆಯ ಹಿರಿಯಳ ಹಾಗೆ ಕುಳಿತಿದ್ದರು. ತೊಡೆಯ ಮೇಲೆ ಗಂಟು ಬಿಚ್ಚಿತ್ತು. ಅದರಲ್ಲಿ ಚುರುಮುರಿ ಇರಲಿಲ್ಲ. ಹುರಿದ ಶೇಂಗಾ ಕುಟ್ಟಿ, ಬೆಲ್ಲ ಬೆರೆಸಿ, ಹೂರಣ ತುಂಬಿ, ತೆಳ್ಳಗೆ ಲಟ್ಟಿಸಿ ಬೇಯಿಸಿದ ಶೇಂಗಾ ಹೋಳಿಗೆಗಳು ಒಂದರ ಮೇಲೊಂದು ಇದ್ದವು. ಸುತ್ತ ಡಾಕ್ಟರ ಪೇಷಂಟುಗಳೆಲ್ಲ ಸಾಲಾಗಿ ನಿಂತಿದ್ದರು. ಜುಲೇಖಾ ಆಪಾ ಹಂಚುತ್ತಿದ್ದರು. ಸುಬೇದಾರ್ ಮಾಮ ಶಿಸ್ತು ಕಾಪಾಡುತ್ತಿದ್ದರು. "ಒಂದ್ ರೌಂಡ್ ಮುಗಿಸಿದವರಿಗೆ ಮಾತ್ರ ಕೊಡಿ ಮಾ. ಇವರು ಅರ್ಧದಿಂದ ತಿರುಗಿ ಬಂದ್‌ಬಿಟ್ಟರು," ಎಂದು ಒಬ್ಬರನ್ನು ಹಿಂದಕ್ಕೆ ಕಳಿಸುವುದನ್ನು ನಾನೇ ಕಣ್ಣಾರೆ ನೋಡಿದೆ. ನಾನು ಮಧ್ಯಾಹ್ನ ಶಾಲೆಯಲ್ಲಿ ವ್ಯಾಕರಣ ಪಾಠ ಮಾಡುತ್ತಿರುವಾಗ ಅತ್ತೆ ಕೈಯಳತೆಯ ಮೇಲೆ, ವಾಸನೆಯ ಮೇಲೆ ಇದನ್ನೆಲ್ಲ ಮಾಡಿಡುತ್ತಿದ್ದರು. ಮನೆಯಲ್ಲಿ ಶೇಂಗಾ ಇಷ್ಟು ಬೇಗ ಹೇಗೆ ಖರ್ಚಾಗುತ್ತದೆ ಎಂದು ನಾನು ಇಲಿಯ ಮೇಲೆ ಅನುಮಾನ ಪಟ್ಟು ಬೋನು ತಂದಿದ್ದೆ.

ಡಾಕ್ಟರು ಬೆಂಚಿನ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಪೇಷಂಟುಗಳೆಲ್ಲ ಗುರುತು ಹಿಡಿದು ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿದರು. ಅತ್ತೆಗೆ ಕಂಡದ್ದು ಒಂದು ಬಿಳಿಯ ಆಕಾರ ಮಾತ್ರ.

"ಹೊಸಬ ಬಂದಾನೇನು? ಬಾ ಯಪ್ಪಾ. ದನಿಯಿಲ್ಲ ಏನಿಲ್ಲ, ಹಸ್ದಿರಬೇಕು. ತಿನ್ನು," ಎಂದು ಕೈಗೆ ಹೋಳಿಗೆ ಇಟ್ಟೇಬಿಟ್ಟರು.

ಆ ಡಾಕ್ಟರನ್ನು ನಾನು ಈಗಲೂ ಗೌರವಿಸುತ್ತೇನೆ. ಅವರು ಬೈದರು, ಸತ್ಯ. "ಇದು ವಾಕಿಂಗಾ? ಇದು ಬೀಗರ ಊಟ!" ಎಂದು ಕೆರೆಯ ಕೊಕ್ಕರೆಗಳು ಹಾರುವ ಹಾಗೆ ಕೂಗಿದರು. ಆದರೆ ಕೂಗುವುದಕ್ಕೆ ಮೊದಲು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಿದ್ದರಿಂದ ಬೈಗುಳ ಅರ್ಧ ಸಿಹಿಯಾಗಿ ಬಂತು. ನಡುವೆ ನಿಲ್ಲಿಸಿ, "ಏಲಕ್ಕಿ ಹಾಕಿದೀರಾ?" ಎಂದೂ ಕೇಳಿದರು.

ಅತ್ತೆಯ ವಾದ ಸರಳವಾಗಿತ್ತು. ಹೊಳೆಯ ದಂಡೆಗೆ ಹೋದವರು ಬುತ್ತಿ ಬಿಚ್ಚದೆ ಬರುವುದುಂಟೇ? ಬಿಚ್ಚಿದ ಮೇಲೆ ಪಕ್ಕದವರಿಗೆ ಕೊಡದೆ ತಿನ್ನುವುದುಂಟೇ? ಕೊಟ್ಟು ತಿಂದದ್ದು ಮೈಗೆ ಹತ್ತುವುದಿಲ್ಲ, ಬಚ್ಚಿಟ್ಟು ತಿಂದದ್ದು ಹತ್ತುತ್ತದೆ. ಡಾಕ್ಟರು ತಮ್ಮ ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಎಂದರು. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿಯದಿದ್ದರೆ ಕಣ್ಣಿನ ಆಸೆ ಬಿಟ್ಟುಬಿಡಿ ಎಂದು, ಈ ಸಲ ಬಾಯಲ್ಲಿ ಏನೂ ಇಲ್ಲದೆ, ಹೇಳಿ ಹೋದರು.

ಅಂದಿನಿಂದ ಗಂಟಿನಲ್ಲಿ ನಿಜವಾದ ಚುರುಮುರಿ ಬಂತು. ಬೆಂಚಿನ ಸುತ್ತ ಜನ ಕಡಿಮೆಯಾದರು, ಸುಬೇದಾರ್ ಮಾಮನ ಶಿಸ್ತಿಗೆ ಕೆಲಸವಿಲ್ಲದಾಯಿತು. ಎಲ್ಲರ ಸಕ್ಕರೆಯೂ ಇಳಿಯತೊಡಗಿತು. ಅತ್ತೆಯದೂ ಇಳಿಯಿತು. ಕಣ್ಣಿನ ಆಸ್ಪತ್ರೆಯವರು ದಿನ ಕೊಟ್ಟರು. ನಾನು ಬಹಳ ಖುಷಿಪಟ್ಟೆ ಎಂದು ಹೇಳಬೇಕು, ಪಟ್ಟದ್ದೂ ನಿಜ. ಅದೇ ವಾರ ಒಂದು ರಾಶಿ ಬಟ್ಟೆಯನ್ನು ಮಡಚದೆ ಬೀರುವಿನಲ್ಲಿ ತುಂಬಿ ಬಾಗಿಲು ಒತ್ತಿ ಹಾಕಿದ್ದೂ ನಿಜ.

ಆಪರೇಷನ್ನಿಗೆ ಮುಂಚಿನ ಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಏರಿತ್ತು. ದಿನ ಮತ್ತೆ ಮುಂದಕ್ಕೆ ಹೋಯಿತು. ಈಗ ಹೋಳಿಗೆ ಇಲ್ಲ, ಬೆಂಚಿನ ಮೇಲೆ ಆಪಾ ಕಾವಲಿದ್ದಾರೆ, ಆದರೂ ಹೇಗೆ? ಡಾಕ್ಟರು ಕೈಚೆಲ್ಲಿದರು. ನನ್ನ ಗಂಡ ರಾತ್ರಿ ಊಟ ಬಿಟ್ಟು ಕುಳಿತರು. ಅತ್ತೆ ಮಾತ್ರ ಏನೂ ಆಗದವರಂತೆ ಬೆಳಿಗ್ಗೆ ಎದ್ದು, "ನಡಿಯವಾ, ಹೊಳಿಗಿ," ಎಂದರು.

ಆ ದಿನ ನಾನು ಸುತ್ತು ಮುಗಿಸಿ ಬೆಂಚಿನ ಹತ್ತಿರ ಬರುವಾಗ ಸಣ್ಣಗೆ ಹನಿಯತೊಡಗಿತ್ತು. ಜುಲೇಖಾ ಆಪಾ ಎದ್ದು ಎದುರಿಗೆ ಬಂದು, "ಶೀತ ಆಗತ್ತೆ ಬೇಟಿ," ಎಂದು ತಮ್ಮ ಕರಿಯ ಶಾಲನ್ನು ನನ್ನ ತಲೆಗೆ ಹೊದಿಸಿ, ತಾವು ಆಟೋ ಕರೆಯಲು ರಸ್ತೆಗೆ ಹೋದರು. ಒದ್ದೆ ಚಪ್ಪಲಿ ಜಾರುತ್ತಿದ್ದವು, ಕೈಯಲ್ಲಿ ಹಿಡಿದುಕೊಂಡು ಬಂದು ಆಪಾ ಕುಳಿತಿದ್ದ ಜಾಗದಲ್ಲಿ ಕುಳಿತೆ. ಶಾಲು ಅತ್ತರಿನ ಪರಿಮಳದಿಂದ ಘಮಘಮಿಸುತ್ತಿತ್ತು. ಅತ್ತೆ ತಲೆ ತಿರುಗಿಸದೆ, ನಿಂತ ಮಾತು ಮುಂದುವರಿಸುವವರ ಹಾಗೆ ಹೇಳಿದರು.

"ನೀ ಯಾರಿಗೂ ಹೇಳಬ್ಯಾಡ ಆಪಾ. ಬೆಲ್ಲದ ಡಬ್ಬಿ ಅಡಿಗಿಮನ್ಯಾಗ ನನ್ನ ಕೈಗಿ ಸಿಗ್ತದ. ನಾನಽ ತಿಂತೀನಿ. ಸಕ್ಕರಿ ಇಳೀಬಾರ್ದು ಅಂತಽ ತಿಂತೀನಿ."

ನಾನು ಚಪ್ಪಲಿಯನ್ನು ಸದ್ದಿಲ್ಲದೆ ನೆಲಕ್ಕಿಟ್ಟೆ.

"ಆಪರೇಷನ್ನಿಗಿ ಅಂಜಿಕಿ ಇಲ್ಲ ನನಗ. ಕಣ್ಣು ಬಂದ ಮ್ಯಾಲ ಏನ್ ಮಾಡ್ಲಿ ಹೇಳು? ಈಗ ಏನೂ ಕಾಣಂಗಿಲ್ಲ, ಸುಮ್ನದೀನಿ. ಹುಡುಗಿ ಛಂದ ನಕ್ಕೋತ ಅದಾಳ. ಕಣ್ಣು ಬಂದ್ರ ಈ ಬಾಯಿ ಸುಮ್ನಿರ್ತದೇನು? ನಮ್ಮ ಅತ್ತಿ ಕಣ್ಣು ಹದ್ದಿನ ಕಣ್ಣು. ದಿನಾ ಹೊಳಿ ದಂಡಿಗಿ ಕುಂತು ಅತ್ತೀನಿ ನಾ. ಆಕಿ ಸತ್ತಾಗ ಒಂದ್ ಹನಿ ನೀರು ಬರ್ಲಿಲ್ಲ ನನ್ನ ಕಣ್ಣಾಗ. ನಾ ಹಂಗ ಸಾಯಬಾರ್ದು ಆಪಾ. ಅದಕ್ಕಿಂತ ಕುಲ್ಡಿ ಆಗಿ ಇರೂದಽ ಛಲೋ."

ಅಳು ಬಂತು. ಅದರ ಜೊತೆಗೇ ಮಂಚದ ಕೆಳಗಿನ ಕಸ, ಬೀರುವಿನಲ್ಲಿ ತುಂಬಿದ ಬಟ್ಟೆ ಎಲ್ಲ ನೆನಪಾಗಿ ನಾಚಿಕೆಯೂ ಬಂತು. ಎದುರಿಗೆ ನೀರಿನ ಮೇಲೆ ಹನಿಗಳು ಬಿದ್ದು ಸಣ್ಣ ಸಣ್ಣ ಸುತ್ತುಗಳಾಗುತ್ತಿದ್ದವು. ನಾನು ಅದನ್ನೇ ನೋಡುತ್ತ ಕುಳಿತಿದ್ದಾಗ ರಸ್ತೆಯಿಂದ ಜುಲೇಖಾ ಆಪಾ ಗಂಟಲೆತ್ತಿ ಕೂಗಿದರು.

"ಟೀಚರಮ್ಮಾ! ಆಟೋ ಸಿಕ್ತು! ಅಮ್ಮಾಕು ಲೇಕೆ ಆವ್, ಬೇಗ ಕರ್ಕೊಂಡ್ ಬಾ!"

ಅತ್ತೆ ಗರಬಡಿದವರಂತಾದರು. ಆಪಾ ಅಲ್ಲಿದ್ದರೆ ಪಕ್ಕದಲ್ಲಿ ಕುಳಿತಿರುವವರು ಯಾರು? ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು. ಅದು ದುಂಡಗಿತ್ತು, ಒದ್ದೆಯಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು.

ಇಬ್ಬರೂ ಆಟೋ ಹತ್ತಿದೆವು. ಜೋಗುಪಾಳ್ಯದ ತಿರುವು ಬಂತು. ಇನ್ನು ಮನೆ ಸೇರಿದರೆ ಈ ಮಾತು ಎಂದಿಗೂ ಆಗುವುದಿಲ್ಲ ಎನ್ನಿಸಿತು.

"ಅತ್ತೆ, ನನ್ನ ಬೈರಿ," ಎಂದೆ.

"ಏನಂದಿ?"

"ಕಣ್ಣು ಬಂದ ಮೇಲೆ ಬೈರಿ ಅಂದೆ. ನಮ್ಮಮ್ಮನೂ ಬೈತಿದ್ರು. ನಂಗೆ ಅಭ್ಯಾಸ ಇದೆ. ನಾನೂ ತಿರುಗಿ ಅಂತೀನಿ. ಹೊಳೆ ದಂಡೇಲಿ ಕೂತು ಅಳೋಳಲ್ಲ ನಾನು."

ಅತ್ತೆ ಸೆರಗಿನೊಳಗಿಂದ ಕೈ ಹೊರಗೆ ತೆಗೆದರು. "ಭಾಳ ಬೈತೀನಿ ನೋಡು."

"ಬೈರಿ."

"ನಿಮ್ಮವ್ವ ಏನೂ ಕಲಿಸಿಲ್ಲ ಅಂತೀನಿ."

"ಅದೊಂದ್ ಬಿಟ್ಟು."

ಆಟೋದವನು ಕನ್ನಡಿಯಲ್ಲಿ ನನ್ನನ್ನು ಎರಡು ಸಲ ನೋಡಿದ. ಬೈಗುಳಕ್ಕೆ ಚೌಕಾಸಿ ಮಾಡುವ ಸೊಸೆಯನ್ನು ಅವನು ಕಂಡಿರಲಿಲ್ಲವೋ ಏನೋ. ಮನೆಗೆ ಬಂದ ಮೇಲೆ ಅತ್ತೆ ತಾವಾಗಿಯೇ ಬೆಲ್ಲದ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟರು.

ಸಕ್ಕರೆ ಇಳಿದು ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ಮಗನನ್ನು ನೋಡಿದರು, ಆಮೇಲೆ ಗೋಡೆಯ ಗಡಿಯಾರ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಮದುವೆಯ ದಿನವೂ ನಾನು ಅಷ್ಟು ಜಾಗ್ರತೆಯಿಂದ ಸೆರಗು ಸರಿಮಾಡಿಕೊಂಡಿರಲಿಲ್ಲ. ಬಹಳ ಹೊತ್ತು ನೋಡಿದರು. "ನನ್ನ ಮಗ ಹೇಳಿದಷ್ಟು ಕೆಂಪಿಲ್ಲವಾ ನೀ," ಎಂದರು. ನರ್ಸ್ ಕಿಸಕ್ಕನೆ ನಕ್ಕಳು. ಅತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ಆದ್ರ ನಾ ತಿಳ್ದಿದ್ದಕ್ಕಿಂತ ಸಣ್ಣಾಕಿ ಅದೀ. ಇಷ್ಟ್ ಸಣ್ಣ ಹುಡುಗಿ ಕಡಿಂದ ಇಷ್ಟ್ ದಿನ ಕೈ ಹಿಡಿಸ್ಕೊಂಡು ನಡೆದೆ." ಅಷ್ಟು ಹೇಳಿ ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ತಕ್ಷಣ, "ಸೀರಿ ನೆರಗಿ ಹಿಂಗೇನು ಹಿಡಿಯೂದು?" ಎಂದು ಶುರು ಮಾಡಿದರು. ಆಸ್ಪತ್ರೆಯಿಂದ ಮನೆಯವರೆಗೆ ಅದು ನಿಲ್ಲಲಿಲ್ಲ. ಮನೆಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದರು. ಆ ದಿನದ ವಿವರಗಳು ಬೇಡ.

ಕೆರೆಗೂ ಕರೆದುಕೊಂಡು ಹೋದೆ. ಕಂಬಿ ಹಿಡಿದು ನಿಂತು ನೊರೆ, ಪ್ಲಾಸ್ಟಿಕ್ಕು, ಅಂತರಗಂಗೆ ಎಲ್ಲ ನೋಡಿದರು. ಪೂಜೆಯ ಹೂವನ್ನು ಚೀಲ ಸಮೇತ ನೀರಿಗೆ ಎಸೆಯಲು ಬಂದ ಒಬ್ಬ ದೊಡ್ಡ ಮನುಷ್ಯರನ್ನು ತರಾಟೆಗೆ ತೆಗೆದುಕೊಂಡರು. ಅವರು ಚೀಲವನ್ನು ವಾಪಸ್ಸು ಕಾರಿಗೆ ಒಯ್ದರು. ಅದೇ ಹೊತ್ತಿಗೆ ನಡುಗಡ್ಡೆಯಿಂದ ಚೀಲದಂಥ ಕೊಕ್ಕಿನ ಒಂದು ಹೆಜ್ಜಾರ್ಲೆ ಹಕ್ಕಿ ಎದ್ದು ನಮ್ಮ ತಲೆಯ ಮೇಲೆ ಹಾರಿಹೋಯಿತು. ಅತ್ತೆ ಬಾಯಿ ತೆರೆದು ಅದು ಮರೆಯಾಗುವವರೆಗೆ ನೋಡಿದರು. ಬೈಯುವುದನ್ನು ಅಷ್ಟು ಹೊತ್ತು ಮರೆತಿದ್ದರು.

ಅವರು ಹೆದರಿದ್ದು ನಿಜವೇ ಆಯಿತು. ಬಾಯಿ ಸುಮ್ಮನಿರಲಿಲ್ಲ. ನನ್ನ ಅಡುಗೆ, ನನ್ನ ನಡಿಗೆ, ನಾನು ಪರೀಕ್ಷೆಯ ಪೇಪರು ತಿದ್ದುವ ಕ್ರಮ, ಯಾವುದೂ ಅವರ ಒಂದು ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ನಾನೂ ಕೊಟ್ಟ ಮಾತಿನಂತೆ ತಿರುಗಿ ಅಂದೆ. ಎರಡನೆಯ ಕಣ್ಣನ್ನೂ ಮಾಡಿಸೋಣ ಎಂದರೆ, "ಒಂದರಾಗಽ ಇಷ್ಟ್ ಕಾಣ್ತದ, ಎರಡು ಬಂದ್ರ ನೀ ಉಳಿಯಂಗಿಲ್ಲ," ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಈಗ ನಾನೂ ಗೋಳಾಡುವವರ ಗುಂಪಿಗೆ ಸೇರಿದೆ. ಆದರೆ ಗೋಳಾಡುವಾಗ ನನಗೆ ನಗು ಬರುತ್ತಿತ್ತು. ನಿಂತ ನೀರು ನಾರುತ್ತದೆ ಎನ್ನುವುದನ್ನು ಆ ಕೆರೆಯ ದಂಡೆಯಲ್ಲಿ ಎಷ್ಟು ಸಲ ನಡೆದು ನೋಡಿದ್ದೇನೆ. ಮನೆಯೊಳಗೆ ಮಾತು ಹರಿಯುತ್ತಿದ್ದರೆ ಅದು ಬೈಗುಳವಾದರೂ ಒಳ್ಳೆಯದು ಎಂದು ನನಗೆ ಈಗಲೂ ಅನ್ನಿಸುತ್ತದೆ. ವರ್ಷಗಳು ಕಳೆದಂತೆ ಅತ್ತೆಯ ಮೊಣಕಾಲು ನೋವಿಗೆ, ರಸ್ತೆ ಅಗೆದ ಧೂಳಿಗೆ ಬೆಳಗಿನ ನಡಿಗೆ ನಿಂತುಹೋಯಿತು.

ಬಸ್ಸು ಕೊನೆಗೂ ಹೊರಟಿತು. ಮನೆಗೆ ಬಂದವಳು ಕನ್ನಡಿಯ ಮುಂದೆ ನಿಂತೆ. ಹಿಂದಿನ ಭಾನುವಾರ ನಾನು ಜೀವನದಲ್ಲಿ ಮೊದಲ ಬಾರಿಗೆ ತಲೆಗೆ ಬಣ್ಣ ಹಚ್ಚಿಕೊಂಡಿದ್ದೆ. ಪೊಟ್ಟಣದಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟಿದ್ದರಿಂದ ಕೂದಲು ಬೂಟ್‌ಪಾಲಿಷ್ ಬಳಿದ ಹಾಗಾಗಿತ್ತು, ಹಣೆಯ ಅಂಚಿಗೂ ಹತ್ತಿತ್ತು. ಶಾಲೆಯಲ್ಲಿ ಮಕ್ಕಳು ಡೆಸ್ಕಿನ ಕೆಳಗೆ ತಲೆ ಹಾಕಿ ನಕ್ಕಿದ್ದರು. ಇವರು ನೋಡಿ, ಏನೂ ಹೇಳದೆ, ಪೇಪರಿನ ಹಿಂದೆ ಅಡಗಿಕೊಂಡಿದ್ದರು. ಅತ್ತೆ ಮಾತ್ರ ಇಷ್ಟು ದಿನವಾದರೂ ಒಂದು ಮಾತು ಅಂದಿರಲಿಲ್ಲ. ಬುದ್ಧಿ ಬಂದಿರಬೇಕು, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟಿರಬೇಕು ಎಂದುಕೊಂಡು ನಾನು ಸಮಾಧಾನವಾಗಿದ್ದೆ. ಆ ಸಂಜೆ ಮಾತ್ರ ಕನ್ನಡಿಯ ಮುಂದೆ ನಿಂತಾಗ, ಅತ್ತೆಗೆ ಇದು ಕಂಡೇ ಇಲ್ಲವೇನೋ ಎಂದು ಹೊಳೆಯಿತು.

ಹೋಗಿ ಅವರ ಎದುರಿಗೆ, ದೀಪದ ಕೆಳಗೆ ಕುಳಿತೆ. "ಅತ್ತೆ, ನನ್ನ ತಲೆ ಹೇಗಿದೆ?"

ಅವರು ನನ್ನ ಕಡೆ ತಿರುಗಿದರು. ನನ್ನ ಮುಖದಿಂದ ಸ್ವಲ್ಪ ಪಕ್ಕಕ್ಕೆ ನೋಡಿ ನಕ್ಕರು.

"ಛಂದ ಅದವಾ," ಎಂದರು.

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಶಾಲೆಗೆ ರಜೆ ಹೇಳಿದೆ. ಅವರ ಚಪ್ಪಲಿ ಹುಡುಕಿ, ಧೂಳು ಕೊಡವಿ, ಮಂಚದ ಮುಂದೆ ಇಟ್ಟೆ.

"ಏಳಿ ಅತ್ತೆ. ಕೆರೆ ಕಡೆ ನಡೆದು ಬರೋಣ. ನಾಳೆ ರಕ್ತ ಟೆಸ್ಟಿಗೆ ಕೊಟ್ಟು ಬರೋಣ. ಮಾಡಿಸಿದ್ದ ಕಣ್ಣೂ ಮಂಜಾಗಿದೆ, ಇನ್ನೊಂದಾದ್ರೂ ಮಾಡಿಸ್ಬೇಕು."

"ಈ ವಯಸ್ಸಿನ್ಯಾಗ ಕಣ್ಣು ತಗೊಂಡು ಏನ್ ಮಾಡ್ಲೇ? ಬ್ಯಾಡ ಬಿಡು. ಸುಮ್ನ ಇರ್ತೀನಿ."

"ಸುಮ್ನಿರೋಕೆ ಬಿಡಲ್ಲ," ಎಂದೆ. ಅವರ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟೆ. "ಇದಕ್ಕೆ ಕರೀ ಬಣ್ಣ ಹಚ್ಕೊಂಡು ಊರಿಗೆಲ್ಲ ನಗೆಪಾಟಲಾಗಿದ್ದೀನಿ. ಒಬ್ರೂ ಬೈದಿಲ್ಲ ನಂಗೆ."

ಅತ್ತೆಯ ಬೆರಳುಗಳು ನನ್ನ ಕೂದಲಿನಲ್ಲಿ ನಿಂತವು. ಆಮೇಲೆ ಕಾಲನ್ನು ಕೆಳಗಿಳಿಸಿ, ಚಪ್ಪಲಿಗಾಗಿ ನೆಲದ ಮೇಲೆ ತಡಕಾಡತೊಡಗಿದರು.